ಹೆಂಗಸರಲ್ಲಿ ಕ್ಯಾನ್ಸರ್ ಸಾವು: ಊರಿಂದ ಊರಿಗೆ ಯಾಕಿಷ್ಟು ವ್ಯತ್ಯಾಸ? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕ್ಯಾನ್ಸರ್ ಬಗ್ಗೆ ಮಾತು ಬಂದರೆ "ಈಗೀಗ ಎಲ್ಲರಿಗೂ ಬರ್ತಿದೆ" ಅನ್ನುವ ಮಾತು ಬಂದೇ ಬರುತ್ತದೆ. ಯಾವ ಕ್ಯಾನ್ಸರ್, ಯಾವ ಊರಲ್ಲಿ, ಬರುವುದು ಜಾಸ್ತಿಯಾಗಿದೆಯೋ ಸಾಯುವುದು ಜಾಸ್ತಿಯಾಗಿದೆಯೋ ಎಂದು ಬಿಡಿಸಿ ಕೇಳುವವರು ಕಡಿಮೆ. ಹಾಗೆ ಬಿಡಿಸಿ ನೋಡಿದರೆ ಹೆಂಗಸರ ವಿಷಯದಲ್ಲಿ ಕಾಣುವ ಚಿತ್ರವೇ ಬೇರೆ. ಮನೆಯವರು, ಗೆಳತಿಯರು, ಅಕ್ಕಪಕ್ಕದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಕ್ಯಾನ್ಸರ್ ಜಾಸ್ತಿ ಬರುವ ಕಡೆಯೇ ಸಾವೂ ಜಾಸ್ತಿ ಅಲ್ವಾ?

ಅಲ್ಲ. ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದೇ ಇದು. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಕೊಟ್ಟ ಲೆಕ್ಕ ನೋಡಿ. ಬಹಳ ಮುಂದುವರಿದ ದೇಶಗಳಲ್ಲಿ 12 ಹೆಂಗಸರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾಗುತ್ತದೆ. ಅದರಿಂದ ಸಾಯುವವರು 71ರಲ್ಲಿ ಒಬ್ಬರು. ತೀರಾ ಹಿಂದುಳಿದ ದೇಶಗಳಲ್ಲಿ 27ರಲ್ಲಿ ಒಬ್ಬರಿಗೆ ಮಾತ್ರ ಪತ್ತೆಯಾಗುತ್ತದೆ. ಆದರೆ ಸಾಯುವವರು 48ರಲ್ಲಿ ಒಬ್ಬರು. ಕಾಯಿಲೆ ಅರ್ಧಕ್ಕಿಂತ ಕಡಿಮೆ, ಸಾವು ಮಾತ್ರ ಜಾಸ್ತಿ.

ಒಂದೇ ದೇಶದೊಳಗೂ ಹೀಗಾಗುತ್ತದೆ. ಅಮೆರಿಕದಲ್ಲಿ ಕಪ್ಪು ಹೆಂಗಸರಿಗೆ ಸ್ತನ ಕ್ಯಾನ್ಸರ್ ಬರುವುದು ಬಿಳಿಯರಿಗಿಂತ ಸ್ವಲ್ಪ ಕಡಿಮೆಯೇ. ಅದರಿಂದ ಸಾಯುವ ದರ ಮಾತ್ರ ಸುಮಾರು ಶೇ. 38ರಷ್ಟು ಹೆಚ್ಚು.

ಇದು ತಿರುಗಮುರುಗವೂ ಆಗುತ್ತದೆ. ಕೇರಳದ ತಿರುವನಂತಪುರ, ಕೊಲ್ಲಂ ಕಡೆ ಹೆಂಗಸರಲ್ಲಿ ಥೈರಾಯ್ಡ್ ಕ್ಯಾನ್ಸರ್ ದರ ದೇಶದಲ್ಲೇ ಬಹಳ ಎತ್ತರದಲ್ಲಿದೆ. ಆದರೆ ಅದರಿಂದ ಸಾಯುವವರು ತೀರಾ ಕಡಿಮೆ. ಸ್ಕ್ಯಾನಿಂಗ್ ಜಾಸ್ತಿಯಾದಾಗ ಜೀವಮಾನವಿಡೀ ತೊಂದರೆ ಕೊಡದೆ ಇದ್ದುಬಿಡಬಹುದಾದ ಸಣ್ಣ ಗಂಟುಗಳೂ ಲೆಕ್ಕಕ್ಕೆ ಬರುತ್ತವೆ.

ಹಾಗಾಗಿ "ಫಲಾನಾ ಊರು ಕ್ಯಾನ್ಸರ್ ರಾಜಧಾನಿ" ಎಂಬ ತಲೆಬರಹ ಕಂಡಾಗ ಅದು ಕಾಯಿಲೆ ಬರುವ ಲೆಕ್ಕವೋ ಸಾವಿನ ಲೆಕ್ಕವೋ ಎಂದು ಮೊದಲು ನೋಡಿ. ಎಷ್ಟೋ ಸಲ ಬರೆದವರೇ ಅದನ್ನು ನೋಡಿರುವುದಿಲ್ಲ.

ಭಾರತದಲ್ಲಿ ವರ್ಷಕ್ಕೆ ಎಷ್ಟು ಹೆಂಗಸರು ಕ್ಯಾನ್ಸರ್‌ನಿಂದ ಸಾಯುತ್ತಾರೆ? ಯಾವ ಕ್ಯಾನ್ಸರ್‌ನಿಂದ ಜಾಸ್ತಿ?

ಅಂತರರಾಷ್ಟ್ರೀಯ ಅಂದಾಜು ಗ್ಲೋಬೊಕಾನ್ ಪ್ರಕಾರ 2022ರಲ್ಲಿ ಭಾರತದಲ್ಲಿ ಸುಮಾರು 7.2 ಲಕ್ಷ ಹೆಂಗಸರಿಗೆ ಹೊಸದಾಗಿ ಕ್ಯಾನ್ಸರ್ ಬಂತು. ಅದರಲ್ಲಿ ಸ್ತನ ಕ್ಯಾನ್ಸರ್ ಸುಮಾರು 1.92 ಲಕ್ಷ, ಗರ್ಭಕಂಠದ್ದು (ಗರ್ಭಕೋಶದ ಬಾಯಿಯದು) ಸುಮಾರು 1.27 ಲಕ್ಷ, ಅಂಡಾಶಯದ್ದು ಸುಮಾರು 47 ಸಾವಿರ.

ಸಾವು? ಸ್ತನ ಕ್ಯಾನ್ಸರ್‌ನಿಂದ ಸುಮಾರು 98 ಸಾವಿರ. ಗರ್ಭಕಂಠದ ಕ್ಯಾನ್ಸರ್‌ನಿಂದ ಸುಮಾರು 80 ಸಾವಿರ. ಅಂಡಾಶಯದ ಕ್ಯಾನ್ಸರ್‌ನಿಂದ ಸುಮಾರು 33 ಸಾವಿರ.

ಆ ವರ್ಷ ಸತ್ತವರೆಲ್ಲ ಅದೇ ವರ್ಷ ಪತ್ತೆಯಾದವರಲ್ಲ, ನಿಜ. ಆದರೂ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸ್ತನ ಕ್ಯಾನ್ಸರ್‌ನಲ್ಲಿ ಹೊಸದಾಗಿ ಪತ್ತೆಯಾಗುವ ಪ್ರತಿ ಇಬ್ಬರಿಗೆ ಒಂದು ಸಾವು. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಪ್ರತಿ ಮೂವರಿಗೆ ಹತ್ತಿರಹತ್ತಿರ ಎರಡು ಸಾವು. ಈ ಎರಡನೆಯದು ನನಗೆ ಸಹಿಸಲಾಗದ ಸಂಖ್ಯೆ. ಮೊದಲೇ ತಡೆಯಲು ಬರುವ, ಬೇಗ ಕಂಡರೆ ಪೂರ್ತಿ ವಾಸಿಯಾಗುವ ಕಾಯಿಲೆ ಇದು.

ಈ ಅಂಕಿಗಳು ಎಲ್ಲಿಂದ ಬರುತ್ತವೆ?

ಕ್ಯಾನ್ಸರ್ ನೋಂದಣಿ ಕೇಂದ್ರಗಳಿಂದ. ಇದರಲ್ಲಿ ನಮ್ಮ ಊರಿನ ಪಾತ್ರ ದೊಡ್ಡದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಯೋಜನೆ ಶುರು ಮಾಡಿದಾಗ, ಜನಸಂಖ್ಯೆ ಆಧಾರದ ನೋಂದಣಿಗೆ ಮೊದಲು ಆರಿಸಿಕೊಂಡದ್ದು ಮೂರು ಊರು: ಬೆಂಗಳೂರು, ಮುಂಬೈ, ಚೆನ್ನೈ. 1982ರ ಜನವರಿಯಿಂದ ಲೆಕ್ಕ ಶುರುವಾಯಿತು. ಬೆಂಗಳೂರಿನ ನೋಂದಣಿ ನಡೆಯುವುದು ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ. ಈಗ ಇಡೀ ದೇಶದ ನೋಂದಣಿ ಕೇಂದ್ರಗಳ ಲೆಕ್ಕ ಒಟ್ಟಾಗುವುದೂ ಇಲ್ಲೇ, ದೇವನಹಳ್ಳಿ ಕಡೆಯ ಕನ್ನಮಂಗಲದ ಹತ್ತಿರ ಇರುವ ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರ, ಅಂದರೆ ಎನ್‌ಸಿಡಿಐಆರ್ ಕಚೇರಿಯಲ್ಲಿ.

ಅಂದರೆ ಬೆಂಗಳೂರಿನ ಹೆಂಗಸರ ಕ್ಯಾನ್ಸರ್ ಬಗ್ಗೆ ನಾಲ್ಕು ದಶಕಕ್ಕೂ ಹೆಚ್ಚಿನ ಲೆಕ್ಕ ಇದೆ. ದೇಶದ ಬೇರೆ ಎಷ್ಟೋ ಜಿಲ್ಲೆಗಳಿಗೆ ಇವತ್ತಿಗೂ ಇಂಥದೊಂದು ಲೆಕ್ಕವೇ ಇಲ್ಲ.

ಕಿದ್ವಾಯಿಗೆ ರಾಯಚೂರು, ಅನಂತಪುರ, ಧರ್ಮಪುರಿಯಿಂದಲೂ ಜನ ಬರುತ್ತಾರಲ್ಲ? ಅವರನ್ನೆಲ್ಲ ಸೇರಿಸಿಯೇ ಬೆಂಗಳೂರಿನಲ್ಲಿ ಜಾಸ್ತಿ ಅನ್ನೋದಾ?

ಒಳ್ಳೆಯ ಪ್ರಶ್ನೆ. ಉತ್ತರ: ಇಲ್ಲ. ಜನಸಂಖ್ಯೆ ಆಧಾರದ ನೋಂದಣಿಯಲ್ಲಿ ಆ ಊರಿನ ನಿವಾಸಿಗಳನ್ನು ಮಾತ್ರ ಎಣಿಸುತ್ತಾರೆ. ಕನಿಷ್ಠ ಒಂದು ವರ್ಷದಿಂದ ಇಲ್ಲಿ ವಾಸವಿರಬೇಕು. ಚಿಕಿತ್ಸೆಗೆಂದು ಬಂದು ಹೊಸೂರು ರಸ್ತೆಯ ಆಸುಪಾಸಿನಲ್ಲಿ ರೂಮು ಹಿಡಿದು ಎರಡು ತಿಂಗಳು ಇದ್ದವರು ಬೆಂಗಳೂರಿನ ದರಕ್ಕೆ ಸೇರುವುದಿಲ್ಲ. ಆಸ್ಪತ್ರೆ ಆಧಾರದ ನೋಂದಣಿ ಬೇರೆ ಇದೆ. ಅದರಲ್ಲಿ ಆಸ್ಪತ್ರೆಗೆ ಬಂದ ಎಲ್ಲರೂ ಇರುತ್ತಾರೆ, ಆದರೆ ಅದರಿಂದ ಊರಿನ ದರ ಹೇಳಲು ಬರುವುದಿಲ್ಲ. ವರದಿಗಳಲ್ಲಿ ಈ ಎರಡನ್ನು ಕಲಸಿ ಬರೆಯುವುದು ಬಹಳ.

ಸಾವಿನ ಲೆಕ್ಕ ಎಷ್ಟು ನಂಬಬಹುದು?

ಬರುವ ಲೆಕ್ಕದಷ್ಟು ನಂಬಲು ಆಗುವುದಿಲ್ಲ. ಯಾಕೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಇದರಲ್ಲಿ ನಮ್ಮ ಕೈಲೂ ಏನೋ ಇದೆ.

ಆಸ್ಪತ್ರೆಯಲ್ಲಿ ಯಾರಾದರೂ ತೀರಿಕೊಂಡರೆ ಡಾಕ್ಟರು ನಮೂನೆ 4 ಎಂಬ ಹಾಳೆ ತುಂಬುತ್ತಾರೆ. ಮನೆಯಲ್ಲಿ ಸತ್ತರೆ, ಕೊನೆಗೆ ನೋಡಿದ ಡಾಕ್ಟರಿಗೆ ನಮೂನೆ 4ಎ. ಅದರಲ್ಲಿ ಸಾವಿನ ಕಾರಣಕ್ಕೆ ಎ, ಬಿ, ಸಿ ಎಂದು ಸಾಲುಗಳಿವೆ. ಎ ಸಾಲಿನಲ್ಲಿ ಸಾವಿಗೆ ನೇರ ಕಾರಣ ಏನು ಎಂದು ಬರೆಯಬೇಕು. ಕೆಳಗಿನ ಸಾಲುಗಳಲ್ಲಿ ಅದಕ್ಕೆ ಮೂಲ ಯಾವುದು ಎಂದು ಬರೆಯಬೇಕು. ಸ್ತನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿ, ಉಸಿರು ಕಟ್ಟಿ ಹೆಂಗಸೊಬ್ಬರು ಸತ್ತರು ಎಂದುಕೊಳ್ಳಿ. ಎ ಸಾಲಿನಲ್ಲಿ ಶ್ವಾಸಕೋಶಕ್ಕೆ ಹರಡಿದ್ದು, ಕೊನೇ ಸಾಲಿನಲ್ಲಿ ಸ್ತನ ಕ್ಯಾನ್ಸರ್ ಬರಬೇಕು. ಎಷ್ಟೋ ಸಲ ಎ ಸಾಲಿನಲ್ಲಿ "ಹೃದಯ ಮತ್ತು ಉಸಿರಾಟ ಸ್ತಂಭನ" ಎಂದು ಬರೆದು ಉಳಿದ ಸಾಲು ಖಾಲಿ ಬಿಡುತ್ತಾರೆ. ಹೃದಯ ನಿಲ್ಲದೆ ಯಾರೂ ಸಾಯುವುದಿಲ್ಲವಲ್ಲ! ಆ ಹಾಳೆಯಿಂದ ಕ್ಯಾನ್ಸರ್ ಮಾಯವಾಯಿತು. ಆ ಹೆಂಗಸಿನ ಸಾವು ಬೇರೆ ಯಾವುದೋ ಲೆಕ್ಕಕ್ಕೆ ಹೋಯಿತು.

ಇಷ್ಟಾದರೂ ಇದು ಹಾಳೆ ತುಂಬಿದವರ ಕತೆ. 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ಡಾಕ್ಟರು ಕಾರಣ ಬರೆದುಕೊಟ್ಟದ್ದು ನೂರಕ್ಕೆ ಸುಮಾರು 22ಕ್ಕೆ ಮಾತ್ರ. ಉಳಿದವಕ್ಕೆ ಕಾರಣವೇ ದಾಖಲಾಗಿಲ್ಲ. ಮನೆಯಲ್ಲಿ ತೀರಿಕೊಳ್ಳುವವರಲ್ಲಿ ವಯಸ್ಸಾದ ಹೆಂಗಸರು ಬಹಳ ಮಂದಿ. "ಊರಿಗೆ ಕರ್ಕೊಂಡು ಹೋಗಿ" ಎಂದು ಹೇಳಿ ಕಳಿಸಿದ ಮೇಲೆ ಅವರ ಲೆಕ್ಕ ಯಾರಿಗೂ ಸಿಗುವುದಿಲ್ಲ.

ಈ ಕೊರತೆ ತುಂಬಲು ನಡೆದ ದೊಡ್ಡ ಕೆಲಸವೇ "ಮಿಲಿಯನ್ ಡೆತ್ ಸ್ಟಡಿ". ತರಬೇತಿ ಪಡೆದ ಕಾರ್ಯಕರ್ತರು ಸಾವಾದ ಮನೆಗೆ ಹೋಗಿ ಕೊನೇ ದಿನಗಳಲ್ಲಿ ಏನೇನಾಗಿತ್ತು ಎಂದು ಕೇಳಿ ಬರೆದುಕೊಂಡರು. ಡಾಕ್ಟರುಗಳು ಅದನ್ನು ಓದಿ ಕಾರಣ ಗುರುತಿಸಿದರು. ಅದರ ಕ್ಯಾನ್ಸರ್ ಭಾಗ 2012ರಲ್ಲಿ ಪ್ರಕಟವಾಯಿತು. 2010ರಲ್ಲಿ 30ರಿಂದ 69 ವಯಸ್ಸಿನ ಹೆಂಗಸರ ಕ್ಯಾನ್ಸರ್ ಸಾವಿನಲ್ಲಿ ಗರ್ಭಕಂಠದ್ದು ಸುಮಾರು ಶೇ. 17, ಹೊಟ್ಟೆಯದು ಶೇ. 14, ಸ್ತನದ್ದು ಶೇ. 10 ಎಂದು ಅದರಲ್ಲಿ ಕಂಡಿತು. ದೊಡ್ಡ ಊರುಗಳ ನೋಂದಣಿಯನ್ನಷ್ಟೇ ನೋಡಿದವರಿಗೆ ಸ್ತನ ಕ್ಯಾನ್ಸರ್ ಮೊದಲ ಸ್ಥಾನದಲ್ಲಿ ಕಾಣುತ್ತಿತ್ತು. ದೇಶದ ಸಾವಿನ ಲೆಕ್ಕದಲ್ಲಿ ಆಗ ಮುಂದೆ ಇದ್ದದ್ದು ಗರ್ಭಕಂಠ.

ನಮ್ಮ ಕೈಲಿರುವುದು ಏನೆಂದರೆ, ಮನೆಯಲ್ಲಿ ಯಾರಾದರೂ ಕ್ಯಾನ್ಸರ್‌ನಿಂದ ತೀರಿಕೊಂಡಾಗ, ದುಃಖದ ಹೊತ್ತಿನಲ್ಲೂ ಹಳೇ ರಿಪೋರ್ಟು ಡಾಕ್ಟರಿಗೆ ತೋರಿಸಿ. ಮೂಲ ಕಾಯಿಲೆಯ ಹೆಸರನ್ನು ಬರೆಯಲು ಕೇಳಿ.

"ವಯಸ್ಸಿಗೆ ಸರಿಹೊಂದಿಸಿದ ದರ" ಅಂದರೇನು?

ಕ್ಯಾನ್ಸರ್ ವಯಸ್ಸಾದಂತೆ ಜಾಸ್ತಿ ಬರುವ ಕಾಯಿಲೆ. ಬೆಂಗಳೂರಿಗೆ ಕೆಲಸಕ್ಕೆಂದು ಬಂದು ಸೇರಿದ ಹರೆಯದವರು ಲಕ್ಷಗಟ್ಟಲೆ. ಕೇರಳದ ಊರುಗಳಲ್ಲಿ ವಯಸ್ಸಾದವರು ಜಾಸ್ತಿ. ಸುಮ್ನೆ ಒಂದು ಲಕ್ಷಕ್ಕೆ ಇಷ್ಟು ಎಂದು ಎಣಿಸಿದರೆ ಕೇರಳದಲ್ಲೇ ಕಾಯಿಲೆ ಜಾಸ್ತಿ ಎಂದು ಕಾಣುತ್ತದೆ. ಅದಕ್ಕೆ ಎರಡೂ ಕಡೆ ಮುದುಕರು, ನಡುವಯಸ್ಸಿನವರು, ಚಿಕ್ಕವರು ಒಂದೇ ಪ್ರಮಾಣದಲ್ಲಿದ್ದರೆ ದರ ಎಷ್ಟಿರುತ್ತಿತ್ತು ಎಂದು ಲೆಕ್ಕ ಹಾಕುತ್ತಾರೆ. ಊರಿಂದ ಊರಿಗೆ, ದಶಕದಿಂದ ದಶಕಕ್ಕೆ ಹೋಲಿಸುವುದಾದರೆ ಈ ದರವನ್ನೇ ನೋಡಬೇಕು. ಕೆಳಗೆ ಕೊಟ್ಟಿರುವ "ಒಂದು ಲಕ್ಷಕ್ಕೆ" ಎಂಬ ಅಂಕಿಗಳೆಲ್ಲ ಹೀಗೆ ಸರಿಹೊಂದಿಸಿದವೇ.

ದೇಶದೊಳಗೆ ಯಾವ ಕಡೆ ಯಾವ ಕ್ಯಾನ್ಸರ್ ಜಾಸ್ತಿ?

2012–16ರ ನೋಂದಣಿ ಲೆಕ್ಕದಲ್ಲಿ ಹೆಂಗಸರಿಗೆ ಕ್ಯಾನ್ಸರ್ ಬರುವ ದರ ಅತಿ ಹೆಚ್ಚು ಕಂಡದ್ದು ಅರುಣಾಚಲ ಪ್ರದೇಶದ ಪಾಪುಂಪಾರೆ ಜಿಲ್ಲೆಯಲ್ಲಿ, ಒಂದು ಲಕ್ಷಕ್ಕೆ 219.8. ಅತಿ ಕಡಿಮೆ, ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಹೆಸರು ಧಾರಾಶಿವ) ಮತ್ತು ಬೀಡ್‌ನಲ್ಲಿ, 49.4. ಒಂದೇ ದೇಶದಲ್ಲಿ ನಾಲ್ಕು ಪಟ್ಟಿಗೂ ಜಾಸ್ತಿ ವ್ಯತ್ಯಾಸ.

ಈಶಾನ್ಯದಲ್ಲಿ ತಂಬಾಕು, ಅಡಿಕೆ ಮತ್ತು ಊಟದ ಪದ್ಧತಿ ಮೂರೂ ಸೇರಿಕೊಂಡಿವೆ. ಮಿಜೋರಾಂನ ಐಜ್ವಾಲ್‌ನಲ್ಲಿ ಹೆಂಗಸರಲ್ಲೂ ಶ್ವಾಸಕೋಶದ ಕ್ಯಾನ್ಸರ್ ಬಹಳ. ಅಲ್ಲಿ ಹೆಂಗಸರು ತಂಬಾಕು ಸೇದುವುದೂ ಇದೆ, ತಂಬಾಕಿನ ಹೊಗೆ ಹಾಯಿಸಿದ "ತುಯಿಬುರ್" ಎಂಬ ನೀರನ್ನು ಬಾಯಲ್ಲಿ ಇಟ್ಟುಕೊಳ್ಳುವ ರೂಢಿಯೂ ಇದೆ. ಮೇಘಾಲಯದ ಪೂರ್ವ ಖಾಸಿ ಬೆಟ್ಟಗಳಲ್ಲಿ ಹೆಂಗಸರ ಅನ್ನನಾಳದ ಕ್ಯಾನ್ಸರ್ ಒಂದು ಲಕ್ಷಕ್ಕೆ 33.6. ಹಸಿ ಅಡಿಕೆ, ವೀಳ್ಯದೆಲೆ ಸೇರಿದ "ಕ್ವಾಯ್" ಅಲ್ಲಿ ಮನೆಮನೆಯ ಮಾತು. ಗಂಗಾ ನದಿಯ ಬಯಲಿನಲ್ಲಿ, ಬಿಹಾರ, ಉತ್ತರ ಪ್ರದೇಶ, ದೆಹಲಿ ಕಡೆ, ಪಿತ್ತಕೋಶದ ಕ್ಯಾನ್ಸರ್ ಜಾಸ್ತಿ. ಅದು ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ನಮ್ಮ ಕಡೆ ಅದರ ಹೆಸರನ್ನೇ ಕೇಳದವರಿದ್ದಾರೆ.

ಸ್ತನ ಕ್ಯಾನ್ಸರ್ ದೊಡ್ಡ ಊರುಗಳ ಕಾಯಿಲೆ. ಒಂದು ಲಕ್ಷಕ್ಕೆ ಹೈದರಾಬಾದ್ 48.0, ಚೆನ್ನೈ 42.2, ಬೆಂಗಳೂರು 40.5, ದೆಹಲಿ 38.6. ಆ ಲೆಕ್ಕದಲ್ಲಿ ದೇಶದಲ್ಲಿ ಮೂರನೇ ಸ್ಥಾನ ನಮ್ಮದು.

ಇನ್ನೂ ಒಂದು ಮಾತು. ಈಶಾನ್ಯ ಅಂದ ಕೂಡಲೇ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಬಾರದು. 2012–15ರಲ್ಲಿ ಸ್ತನ ಕ್ಯಾನ್ಸರ್ ಪತ್ತೆಯಾದವರನ್ನು ಐದು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಮಿಜೋರಾಂನಲ್ಲಿ ನೂರಕ್ಕೆ ಸುಮಾರು 75 ಮಂದಿ ಬದುಕಿದ್ದರು. ಅರುಣಾಚಲದ ಪಾಸಿಘಾಟ್‌ನಲ್ಲಿ ಸುಮಾರು 42. ಅಧ್ಯಯನದಲ್ಲಿದ್ದ ಎಲ್ಲ ನೋಂದಣಿಗಳನ್ನು ಸೇರಿಸಿದರೆ 66. ಗರ್ಭಕಂಠದ ಕ್ಯಾನ್ಸರ್‌ನಲ್ಲಿ ಅಹಮದಾಬಾದ್ ನಗರದಲ್ಲಿ 61 ದಾಟಿದರೆ, ತ್ರಿಪುರದಲ್ಲಿ 32ರ ಆಸುಪಾಸು. ಒಂದೇ ಕಾಯಿಲೆ, ಒಂದೇ ದೇಶ. ಆಸ್ಪತ್ರೆ ಎಷ್ಟು ದೂರ, ಎಷ್ಟು ಬೇಗ ತಲುಪಿದರು ಎಂಬುದು ಬೇರೆ.

ಬೆಂಗಳೂರಿನಲ್ಲಿ ನಲವತ್ತು ವರ್ಷದಲ್ಲಿ ಏನು ಬದಲಾಗಿದೆ?

1982ರಲ್ಲಿ ಬೆಂಗಳೂರಿನ ಹೆಂಗಸರಲ್ಲಿ ಮೊದಲ ಸ್ಥಾನ ಗರ್ಭಕಂಠದ ಕ್ಯಾನ್ಸರ್‌ಗೆ. ಅದು ದಶಕದಿಂದ ದಶಕಕ್ಕೆ ಇಳಿಯುತ್ತಾ ಬಂತು. ಸ್ತನ ಕ್ಯಾನ್ಸರ್ ಏರುತ್ತಾ ಬಂತು. ಈಗ ಮೊದಲ ಸ್ಥಾನ ಸ್ತನ ಕ್ಯಾನ್ಸರ್‌ಗೆ. ಚೆನ್ನೈಯಲ್ಲೂ ಇದೇ ಆಯಿತು.

ಬಾಯಿ ಕ್ಯಾನ್ಸರ್ ಕತೆ ಬೇರೆ. ನೋಂದಣಿ ಶುರುವಾದ ಕಾಲದಲ್ಲಿ ಬೆಂಗಳೂರಿನಲ್ಲಿ ಬಾಯಿ ಕ್ಯಾನ್ಸರ್ ಗಂಡಸರಿಗಿಂತ ಹೆಂಗಸರಲ್ಲೇ ಜಾಸ್ತಿ ಇತ್ತು. ಜಗತ್ತಿನ ಯಾವ ನೋಂದಣಿಯ ಜೊತೆ ಇಟ್ಟು ನೋಡಿದರೂ ಎದ್ದು ಕಾಣುವಷ್ಟು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸವೇ ಅದಕ್ಕೆ ಮುಖ್ಯ ಕಾರಣ.

ಗರ್ಭಕಂಠದ ಕ್ಯಾನ್ಸರ್ ಇಳಿದದ್ದು ತಪಾಸಣೆಯಿಂದಲಾ?

ಅಲ್ಲ. ಇದನ್ನು ಹೇಳುವಾಗ ಖುಷಿಯೂ ಆಗುತ್ತದೆ, ಬೇಜಾರೂ ಆಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಒಂದು ಸಲವಾದರೂ ಗರ್ಭಕಂಠದ ತಪಾಸಣೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ 1.9. ಸ್ತನ ತಪಾಸಣೆ 0.9. ಪಕ್ಕದ ತಮಿಳುನಾಡಿನಲ್ಲಿ ಗರ್ಭಕಂಠದ ತಪಾಸಣೆ ನೂರಕ್ಕೆ ಹತ್ತರ ಹತ್ತಿರ ಇದೆ. ಅಲ್ಲಿ ಆಗಿದ್ದು ಇಲ್ಲಿ ಯಾಕೆ ಆಗಬಾರದು?

ತಪಾಸಣೆ ಇಲ್ಲದೆಯೂ ಇಳಿದದ್ದಕ್ಕೆ ಕಾರಣ ಹೆಂಗಸರ ಬದುಕು ಬದಲಾದದ್ದು. ಮದುವೆ ವಯಸ್ಸು ಮುಂದೆ ಹೋಯಿತು. ಹೆರಿಗೆಗಳು ಕಡಿಮೆಯಾದವು. ಮನೆಯೊಳಗೆ ನಲ್ಲಿ ನೀರು, ಬಚ್ಚಲು ಬಂತು. ಓದು ಹೆಚ್ಚಿತು. ಎಚ್‌ಪಿವಿ ಎಂಬ ವೈರಸ್ ಸೋಂಕು ಬಹಳ ವರ್ಷ ಉಳಿದರೆ ಈ ಕ್ಯಾನ್ಸರ್ ಬರುತ್ತದೆ. ಈ ಬದಲಾವಣೆಗಳು ಅದರ ಅಪಾಯವನ್ನು ತಗ್ಗಿಸಿದವು. ಈ ಸೌಲಭ್ಯ ತಲುಪದ ಹೆಂಗಸರಿಗೆ ಇಳಿಕೆಯೂ ತಲುಪಿಲ್ಲ.

ಸ್ತನ ಕ್ಯಾನ್ಸರ್ ಯಾಕೆ ಏರುತ್ತಿದೆ? ಬ್ರಾ, ಡಿಯೋಡ್ರೆಂಟ್ ಅಂತ ಹೇಳ್ತಾರಲ್ಲ?

ಬ್ರಾ, ಡಿಯೋಡ್ರೆಂಟ್, ಮೊಬೈಲ್‌ನಿಂದ ಸ್ತನ ಕ್ಯಾನ್ಸರ್ ಬರುತ್ತದೆ ಎಂಬುದಕ್ಕೆ ಆಧಾರ ಇಲ್ಲ. ಬೇಗ ಮೈನೆರೆಯುವುದು, ತಡವಾಗಿ ಮೊದಲ ಮಗು, ಕಡಿಮೆ ಮಕ್ಕಳು, ಹಾಲೂಡಿಸುವ ಕಾಲ ಕಡಿಮೆಯಾಗುವುದು, ಮುಟ್ಟು ನಿಂತ ಮೇಲೆ ತೂಕ ಏರುವುದು, ಮದ್ಯ, ಓಡಾಟ ಕಡಿಮೆಯಾಗುವುದು: ಇವು ಅಪಾಯ ಹೆಚ್ಚಿಸುತ್ತವೆ ಎಂದು ಗೊತ್ತು. ಮಕ್ಕಳು ಕಡಿಮೆ ಇರುವುದು ಗರ್ಭಕಂಠಕ್ಕೆ ಒಳ್ಳೆಯದು ಮಾಡಿತು, ಸ್ತನಕ್ಕೆ ಅಪಾಯ ಸ್ವಲ್ಪ ಹೆಚ್ಚಿಸಿತು. ಇದರಲ್ಲಿ ಹೆಂಗಸರನ್ನು ದೂರಲು ಏನೂ ಇಲ್ಲ. "ಕೆಲಸಕ್ಕೆ ಹೋದ್ಲು, ಅದಕ್ಕೇ ಬಂತು" ಎನ್ನುವವರನ್ನು ದಯವಿಟ್ಟು ಅಲ್ಲೇ ತಡೆಯಿರಿ.

ನಮ್ಮಲ್ಲಿ ಇದು ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ, 40–50ರ ವಯಸ್ಸಿನಲ್ಲೇ ಕಾಣುವುದು ಜಾಸ್ತಿ. ಮಕ್ಕಳು ಇನ್ನೂ ಓದುತ್ತಿರುವ ವಯಸ್ಸು ಅದು.

ಬೇರೆ ದೇಶಗಳಲ್ಲಿ ಸಾವು ಇಳಿದಿದೆಯಾ?

ಇಳಿದಿದೆ. ಅಮೆರಿಕದಲ್ಲಿ ಸ್ತನ ಕ್ಯಾನ್ಸರ್ ಸಾವಿನ ದರ 1989ರಿಂದ 2022ರ ಹೊತ್ತಿಗೆ ಸುಮಾರು ಶೇ. 44 ಇಳಿಯಿತು. ಕಾಯಿಲೆ ಬರುವುದು ಮಾತ್ರ ಹಾಗೆ ಇಳಿಯಲಿಲ್ಲ, ಇತ್ತೀಚೆಗೆ ನಿಧಾನವಾಗಿ ಏರುತ್ತಲೂ ಇದೆ. ಬೇಗ ಪತ್ತೆ ಮತ್ತು ಒಳ್ಳೆಯ ಔಷಧ ಸೇರಿ ಸಾವನ್ನು ಇಳಿಸಿದವು. ಹೊಟ್ಟೆ ಕ್ಯಾನ್ಸರ್ ಸಾವು ಫ್ರಿಜ್ ಬಂದು ಉಪ್ಪಿಟ್ಟ ಆಹಾರ ಕಡಿಮೆಯಾದಂತೆ ಜಗತ್ತಿನ ಹೆಚ್ಚಿನ ಕಡೆ ಇಳಿದಿದೆ.

ಉಲ್ಟಾ ಹೋದದ್ದೂ ಇದೆ. ಹೆಂಗಸರು ಸಿಗರೇಟು ಹಿಡಿದ ಮೇಲೆ ಅಮೆರಿಕದಲ್ಲಿ 1987ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಸ್ತನ ಕ್ಯಾನ್ಸರ್ ಸಾವನ್ನು ದಾಟಿತು.

ಕಡ್ಡಿಪುಡಿ ಹಾಕೋದರಿಂದ ಹಲ್ಲುನೋವು ಹೋಗುತ್ತಲ್ಲ, ಅದೂ ಅಪಾಯವಾ?

ಹೌದು, ದೊಡ್ಡ ಅಪಾಯ. ಬೆಂಗಳೂರಿನ ಕಟ್ಟಡದ ಕೆಲಸದ ಜಾಗಗಳಲ್ಲಿ, ಹೂವು ಕಟ್ಟುವವರ ಸಾಲಿನಲ್ಲಿ, ಕಸ ಗುಡಿಸುವ ತಂಡಗಳಲ್ಲಿ ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಕಡ್ಡಿಪುಡಿಯನ್ನು (ತಂಬಾಕಿನ ಪುಡಿಯನ್ನು) ಕೆನ್ನೆಯೊಳಗೆ ಇಟ್ಟುಕೊಳ್ಳುವ ಹೆಂಗಸರನ್ನು ನೋಡಿಯೇ ಇರುತ್ತೀರಿ. ಹಸಿವು ತಡೆಯುತ್ತದೆ, ಬಿಸಿಲಲ್ಲಿ ಕೆಲಸ ಓಡುತ್ತದೆ, ಹಲ್ಲುನೋವು ಮರೆಯುತ್ತದೆ ಎಂದು ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ನಿಕೋಟಿನ್ ಹಾಗೆ ಮಾಡುತ್ತದೆ. ಆದರೆ ಪುಡಿ ಇಡುವ ಜಾಗದಲ್ಲೇ, ಕೆನ್ನೆ ಮತ್ತು ಒಸಡಿನ ನಡುವೆ, ಬಿಳಿ ಇಲ್ಲವೇ ಕೆಂಪು ಮಚ್ಚೆಯಾಗಿ ಕಾಯಿಲೆ ಶುರುವಾಗುತ್ತದೆ.

ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಬರೀ ತಂಬಾಕಿನ ಪೊಟ್ಟಣ ಅಂಗಡಿಯಲ್ಲಿ ಸಿಗುತ್ತಲೇ ಇದೆ. ತಂಬಾಕು ಇಲ್ಲದ ಬರೀ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮಲೆನಾಡಿನವರಿಗೆ ಇದು ಕಹಿ ಮಾತು ಎಂದು ಗೊತ್ತು. ಆದರೂ ಹೇಳಲೇಬೇಕು.

ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು ಇದ್ದರೆ ಡೆಂಟಲ್ ಡಾಕ್ಟರಿಗೆ ತೋರಿಸಿ. ಬಾಯಿ ಪೂರ್ತಿ ತೆರೆಯಲು ಆಗದಿದ್ದರೂ ತೋರಿಸಿ.

ಹಳ್ಳಿಯಲ್ಲಿ ಕ್ಯಾನ್ಸರ್ ಕಡಿಮೆ, ಪೇಟೆಯಲ್ಲಿ ಜಾಸ್ತಿ ಅನ್ನೋದು ನಿಜವಾ?

ಬರುವ ಲೆಕ್ಕದಲ್ಲಿ ಪೇಟೆಯೇ ಜಾಸ್ತಿ. ಸಾವಿನ ಲೆಕ್ಕದಲ್ಲಿ, ಮೇಲೆ ಹೇಳಿದ ಮನೆಮನೆ ಅಧ್ಯಯನದ ಪ್ರಕಾರ, ಹಳ್ಳಿಗೂ ಪೇಟೆಗೂ ಹೆಚ್ಚು ವ್ಯತ್ಯಾಸ ಇರಲಿಲ್ಲ. ಓದಿದವರಿಗೂ ಓದದವರಿಗೂ ಮಾತ್ರ ದೊಡ್ಡ ಅಂತರ ಇತ್ತು. ಓದು ಕಡಿಮೆ ಇದ್ದವರಲ್ಲಿ ಸಾವಿನ ದರ ಸುಮಾರು ಎರಡು ಪಟ್ಟು.

ಇದು ಹೇಗೆ ಆಗುತ್ತದೆ ಎಂದು ಅರ್ಥವಾಗಬೇಕಾದರೆ ಗರ್ಭಕಂಠದ ಕ್ಯಾನ್ಸರ್‌ನ ರೇಡಿಯೇಶನ್ ಚಿಕಿತ್ಸೆ ನೋಡಿ. ವಾರಕ್ಕೆ ಐದು ದಿನದಂತೆ ಸುಮಾರು ಐದು ವಾರ ಹೊರಗಿನಿಂದ ರೇಡಿಯೇಶನ್. ಜೊತೆಗೆ ವಾರಕ್ಕೊಮ್ಮೆ ಕಿಮೊ. ಆಮೇಲೆ ಒಳಗಿನಿಂದ ಕೊಡುವ ಬ್ರಾಕಿಥೆರಪಿ. ಎಲ್ಲವೂ ಎಂಟು ವಾರದೊಳಗೆ ಮುಗಿಯಬೇಕು. ತಡವಾದಷ್ಟೂ ಗುಣವಾಗುವ ಸಾಧ್ಯತೆ ಕುಗ್ಗುತ್ತದೆ. ಯಾದಗಿರಿಯ ಕೂಲಿ ಹೆಂಗಸೊಬ್ಬರು ಎರಡು ತಿಂಗಳು ಬೆಂಗಳೂರಿನಲ್ಲಿ ಇರಬೇಕು ಎಂದರೆ ಜೊತೆಗೆ ಇನ್ನೊಬ್ಬರು ಬೇಕು. ಇಬ್ಬರ ಕೂಲಿಯೂ ಹೋಗುತ್ತದೆ. ಮನೆಯಲ್ಲಿ ಮಕ್ಕಳಿಗೆ ಬೇಯಿಸಿ ಹಾಕುವವರು ಯಾರು? ಮೂರನೇ ವಾರಕ್ಕೆ ಸ್ವಲ್ಪ ಆರಾಮ ಅನಿಸುತ್ತದೆ, ರಕ್ತ ಹೋಗುವುದು ನಿಲ್ಲುತ್ತದೆ. "ಹಬ್ಬ ಮುಗಿಸಿ ಬರ್ತೀನಿ" ಎಂದು ಊರಿಗೆ ಹೋಗುತ್ತಾರೆ. ಅಲ್ಲಿಗೆ ಚಿಕಿತ್ಸೆ ತುಂಡಾಗುತ್ತದೆ. ಔಷಧ ಪುಕ್ಕಟೆ ಸಿಕ್ಕರೂ ಸಾವು ತಪ್ಪದೆ ಇರುವುದು ಹೀಗೆ.

ಅದಕ್ಕೇ ಕಲಬುರಗಿಯ ಕಿದ್ವಾಯಿ ಕೇಂದ್ರ, ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆ, 2025ರಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಶುರುವಾದ ಡೇ-ಕೇರ್ ಕಿಮೊ ಕೇಂದ್ರಗಳು ಬಹಳ ಮುಖ್ಯ ಎಂದು ನನ್ನ ನಂಬಿಕೆ. ಬೆಂಗಳೂರಿನಲ್ಲಿ ಇನ್ನೊಂದು ದೊಡ್ಡ ಆಸ್ಪತ್ರೆ ಎದ್ದರೆ ಸಂತೋಷವೇ. ಯಾದಗಿರಿಯ ಹೆಂಗಸಿಗೆ ಅದಕ್ಕಿಂತ ಹತ್ತಿರದ ರೇಡಿಯೇಶನ್ ಯಂತ್ರ ಬೇಕು.

ತಪಾಸಣೆ ಮಾಡಿಸಿದರೆ ನಿಜವಾಗಿ ಸಾವು ತಪ್ಪುತ್ತದಾ? ಆಧಾರ ಇದೆಯಾ?

ಇದೆ, ಅದೂ ನಮ್ಮ ಪಕ್ಕದಲ್ಲೇ. ಬೀದರ್, ಕಲಬುರಗಿಗೆ ತಾಗಿಕೊಂಡಿರುವ ಉಸ್ಮಾನಾಬಾದ್ ಜಿಲ್ಲೆಯಲ್ಲಿ 30ರಿಂದ 59 ವಯಸ್ಸಿನ 1.3 ಲಕ್ಷಕ್ಕೂ ಹೆಚ್ಚು ಹಳ್ಳಿ ಹೆಂಗಸರನ್ನು ಸೇರಿಸಿ ಒಂದು ಅಧ್ಯಯನ ನಡೆಯಿತು. ಫಲಿತಾಂಶ ಬಂದದ್ದು 2009ರಲ್ಲಿ. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿಸಿಕೊಂಡ ಗುಂಪಿನಲ್ಲಿ, ಏನೂ ಮಾಡಿಸದ ಗುಂಪಿಗೆ ಹೋಲಿಸಿದರೆ, ಗರ್ಭಕಂಠದ ಕ್ಯಾನ್ಸರ್ ಸಾವು ಸುಮಾರು ಅರ್ಧಕ್ಕೆ ಇಳಿದಿತ್ತು. ಮುಂಬೈಯ ಕೊಳೆಗೇರಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರು ವಿನಿಗರ್‌ನಂಥ ಅಸಿಟಿಕ್ ಆಮ್ಲವನ್ನು ಗರ್ಭಕಂಠಕ್ಕೆ ಹಚ್ಚಿ ಕಣ್ಣಲ್ಲೇ ನೋಡುವ ಪರೀಕ್ಷೆ ಮಾಡಿದಾಗ ಸಾವು ಶೇ. 31 ಇಳಿಯಿತು.

ಸ್ತನದ ವಿಷಯದಲ್ಲಿ, ಅದೇ ಮುಂಬೈಯಲ್ಲಿ ತರಬೇತಿ ಪಡೆದ ಹೆಂಗಸರು ಎರಡು ವರ್ಷಕ್ಕೊಮ್ಮೆ ಕೈಯಿಂದ ಮುಟ್ಟಿ ಪರೀಕ್ಷೆ ಮಾಡಿದರು. ಇಪ್ಪತ್ತು ವರ್ಷ ಹಿಂಬಾಲಿಸಿದ ಮೇಲೆ, 50 ದಾಟಿದ ಹೆಂಗಸರಲ್ಲಿ ಸಾವು ಸುಮಾರು ಶೇ. 30 ಕಡಿಮೆಯಾಗಿತ್ತು. ಅದಕ್ಕಿಂತ ಚಿಕ್ಕವರಲ್ಲಿ ಆ ಲಾಭ ಕಾಣಲಿಲ್ಲ.

ಹಾಗಾದರೆ ನಾನು, ನನ್ನ ಅಮ್ಮ, ನನ್ನ ಮಗಳು ಏನು ಮಾಡಿಸಬೇಕು?

30 ದಾಟಿದವರಿಗೆ ಗರ್ಭಕಂಠ, ಸ್ತನ ಮತ್ತು ಬಾಯಿ, ಮೂರನ್ನೂ ಐದು ವರ್ಷಕ್ಕೊಮ್ಮೆ ನೋಡಬೇಕು ಎಂದು ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎನ್‌ಸಿಡಿ ತಪಾಸಣೆ (ಒಬ್ಬರಿಂದ ಒಬ್ಬರಿಗೆ ಅಂಟದ ಕಾಯಿಲೆಗಳ ತಪಾಸಣೆ) ಎಂದು ಕೇಳಿ. ಬಿಪಿ, ಶುಗರ್ ಮಾತ್ರ ನೋಡಿ ಕಳಿಸಿದರೆ, ಉಳಿದವು ಯಾವಾಗ ಎಂದು ಬಾಯಿಬಿಟ್ಟು ಕೇಳಿ. 40 ದಾಟಿದವರು ಮ್ಯಾಮೊಗ್ರಾಮ್ (ಸ್ತನದ ಎಕ್ಸ್‌ರೇ) ಬಗ್ಗೆ ಡಾಕ್ಟರ ಜೊತೆ ಮಾತಾಡಿ.

ಮಗಳಿಗೆ 9ರಿಂದ 14 ವಯಸ್ಸಿನೊಳಗೆ ಎಚ್‌ಪಿವಿ ಲಸಿಕೆ. ಈ ವಯಸ್ಸಿಗೆ ಒಂದು ಇಲ್ಲವೇ ಎರಡು ಡೋಸ್ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ದೇಶದಲ್ಲೇ ತಯಾರಾದ ಸರ್ವಾವ್ಯಾಕ್ 2023ರಲ್ಲಿ ಬಂತು. ಸಿಕ್ಕಿಂನಂಥ ಚಿಕ್ಕ ರಾಜ್ಯ 2018ರಲ್ಲೇ ಶಾಲೆಗಳ ಮೂಲಕ ತನ್ನ ಹೆಚ್ಚೂಕಡಿಮೆ ಎಲ್ಲ ಹುಡುಗಿಯರಿಗೂ ಈ ಲಸಿಕೆ ಹಾಕಿಸಿತು. ನಿಮ್ಮ ಕಡೆ ಸರ್ಕಾರದಿಂದ ಸಿಗುತ್ತಿದೆಯೇ ಎಂದು ಶಾಲೆಯಲ್ಲಿ ಇಲ್ಲವೇ ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಿ. ಲಸಿಕೆ ಹಾಕಿಸಿದವರೂ 30 ದಾಟಿದ ಮೇಲೆ ತಪಾಸಣೆ ಬಿಡಬಾರದು.

ಅಮ್ಮನ ವಿಷಯ ಸ್ವಲ್ಪ ಕಷ್ಟ. ನಮ್ಮ ಅಮ್ಮಂದಿರು ಹೇಳಿಕೊಳ್ಳುವುದಿಲ್ಲ. ನೀವೇ ಕೇಳಬೇಕು: ಮುಟ್ಟು ನಿಂತ ಮೇಲೆ ರಕ್ತ ಕಂಡಿದೆಯಾ? ವಾಸನೆಯ ಬಿಳಿ ಹೋಗುತ್ತಾ? ಎದೆಯಲ್ಲಿ ಗಂಟು ಕೈಗೆ ಸಿಗುತ್ತಾ? ನೋವಿಲ್ಲದ ಗಂಟನ್ನೇ ಬೇಗ ತೋರಿಸಬೇಕು. "ನೋವಿಲ್ಲ, ಏನಾಗಲ್ಲ ಬಿಡು" ಎಂದು ತಿಂಗಳುಗಟ್ಟಲೆ ಬಿಡುವುದರಿಂದಲೇ ನಮ್ಮಲ್ಲಿ ಬಹಳ ಮಂದಿ ಮೂರನೇ, ನಾಲ್ಕನೇ ಹಂತದಲ್ಲಿ ಆಸ್ಪತ್ರೆಗೆ ಬರುತ್ತಾರೆ. ಹೊಟ್ಟೆಯುಬ್ಬರ ವಾರಗಟ್ಟಲೆ ಇದ್ದು, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾದರೆ ಅಂಡಾಶಯದ ಸ್ಕ್ಯಾನ್ ಬಗ್ಗೆಯೂ ಕೇಳಿ. ಗ್ಯಾಸ್ಟ್ರಿಕ್ ಎಂದು ಮಾತ್ರೆ ನುಂಗುತ್ತಾ ಕೂರಬೇಡಿ.

ಬಯಾಪ್ಸಿ ಮಾಡಿಸಿದರೆ, ಚಾಕು ತಾಗಿದರೆ ಹರಡುತ್ತೆ ಅಂತಾರಲ್ಲ?

ಇಲ್ಲ. ಬಯಾಪ್ಸಿ ಅಂದರೆ ಗಂಟಿನ ಚೂರು ತೆಗೆದು ಪರೀಕ್ಷಿಸುವುದು. ಸರಿಯಾಗಿ ಮಾಡಿದ ಸೂಜಿ ಬಯಾಪ್ಸಿಯಿಂದ ಕಾಯಿಲೆ ಹರಡಿ ಸಾವು ಹೆಚ್ಚಿದ್ದಕ್ಕೆ ಆಧಾರ ಇಲ್ಲ. ತಡವಾಗಿ ಬಯಾಪ್ಸಿ ಮಾಡಿಸಿದವರಲ್ಲಿ ಆ ಹೊತ್ತಿಗೆ ಹರಡಿಯೇ ಇರುತ್ತದೆ. ಜನ ಅದನ್ನು ಸೂಜಿಯ ತಲೆಗೆ ಕಟ್ಟುತ್ತಾರೆ. ಬಯಾಪ್ಸಿ ಇಲ್ಲದೆ ಯಾವ ಬಗೆಯ ಕ್ಯಾನ್ಸರ್, ಯಾವ ಔಷಧ ಎಂದು ತೀರ್ಮಾನಿಸಲು ಆಗುವುದಿಲ್ಲ.

ದುಡ್ಡು, ಓಡಾಟ ಹೇಗೆ?

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಆಸ್ಪತ್ರೆಗೆ ಹೋದ ಮೊದಲ ದಿನವೇ ರೇಷನ್ ಕಾರ್ಡು, ಆಧಾರ್ ಹಿಡಿದು ಆರೋಗ್ಯ ಮಿತ್ರ ಕೌಂಟರ್‌ಗೆ ಹೋಗಿ. ಬಿಲ್ಲು ಕಟ್ಟಿದ ಮೇಲೆ ಕೇಳಿದರೆ ದುಡ್ಡು ವಾಪಸು ಬರುವುದು ಕಷ್ಟ.

ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು 3ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಶೇ. 75. ಇದಕ್ಕೆ ಆಸ್ಪತ್ರೆಯಿಂದ ಪತ್ರ ಬೇಕು. ಶಕ್ತಿ ಯೋಜನೆಯಿಂದ 2023ರ ಜೂನ್‌ನಿಂದ ಹೆಂಗಸರಿಗೆ ರಾಜ್ಯದೊಳಗೆ ಸಾಮಾನ್ಯ ಬಸ್ಸು ಉಚಿತ. ಫಾಲೋಅಪ್‌ಗೆ ಗಂಡನ ಜೇಬು ನೋಡದೆ ಹೆಂಗಸೊಬ್ಬರು ತಾನೇ ಬಸ್ಸು ಹತ್ತಿ ಬರಬಹುದು ಎಂಬುದು ಸಣ್ಣ ವಿಷಯವಲ್ಲ.

ಊರಲ್ಲಿರುವ ಸಂಬಂಧಿಕರನ್ನು ಬೆಂಗಳೂರಿಗೆ ಕರೆಸುವಾಗ ಏನೇನು ತರಲು ಹೇಳಬೇಕು?

ಬಯಾಪ್ಸಿ ರಿಪೋರ್ಟಿನ ಜೊತೆ ಸ್ಲೈಡ್ ಮತ್ತು ಮೇಣದ ಬ್ಲಾಕನ್ನೂ (ಮೇಣದಲ್ಲಿ ಕಾಪಾಡಿಟ್ಟ ಗಂಟಿನ ಚೂರು) ಅಲ್ಲಿನ ಲ್ಯಾಬಿನಿಂದ ಕೇಳಿ ತರಲಿ. ಇಲ್ಲಿ ಮತ್ತೆ ನೋಡುತ್ತಾರೆ. ಬ್ಲಾಕ್ ಇಲ್ಲದಿದ್ದರೆ ಇನ್ನೊಮ್ಮೆ ಸೂಜಿ, ಇನ್ನೊಂದು ವಾರ ತಡ. ಸ್ಕ್ಯಾನ್‌ನ ಸಿಡಿ, ಹಳೇ ಡಿಸ್ಚಾರ್ಜ್ ಹಾಳೆ, ಬಿಪಿ–ಶುಗರ್ ಮಾತ್ರೆಗಳ ಚೀಟಿ ಇರಲಿ. ರೇಷನ್ ಕಾರ್ಡಿನಲ್ಲಿ ಅವರ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಲಿ. ಮದುವೆಯಾಗಿ ಬಂದ ಹೆಂಗಸರ ಹೆಸರು ಒಂದರಲ್ಲಿ ತವರಿನದು, ಒಂದರಲ್ಲಿ ಗಂಡನ ಮನೆಯದು ಇರುವುದು ಬಹಳ. ಕೌಂಟರ್‌ನಲ್ಲಿ ಮೊದಲ ದಿನ ಹಾಳಾಗುವುದು ಅಲ್ಲಿಯೇ.